ಪವರ್ ವಿಂಡೋ ಕೈಕೊಟ್ಟರೆ ಮೊದಲು ಕಿವಿ, ಆಮೇಲೆ ಸ್ಪ್ಯಾನರ್

ಕಾರಿನ ಪವರ್ ವಿಂಡೋ, ಅಂದರೆ ಸ್ವಿಚ್ ಒತ್ತಿದರೆ ಏರಿಳಿಯುವ ಕಿಟಕಿ, ಕೆಡುವುದು ಹೆಚ್ಚಾಗಿ ಗ್ಲಾಸ್ ಕೆಳಗಿಳಿದಿರುವಾಗಲೇ. ಇದು ನಮ್ಮ ಗ್ರಹಚಾರವಲ್ಲ. ಇಳಿಸುವಾಗ ಗ್ಲಾಸಿನ ಭಾರವೇ ಮೋಟರಿಗೆ ನೆರವಾಗುತ್ತದೆ. ಏರಿಸುವಾಗ ಆ ಭಾರವನ್ನೂ ರಬ್ಬರಿನ ತಿಕ್ಕಾಟವನ್ನೂ ಮೋಟರೊಂದೇ ಎಳೆಯಬೇಕು. ಸುಸ್ತಾದ ಮೋಟರು ಹೇಗೋ ಇಳಿಸಿಬಿಡುತ್ತದೆ, ಏರಿಸುವ ಹೊತ್ತಿಗೆ ಕೈ ಚೆಲ್ಲುತ್ತದೆ.

ನನ್ನ ಹಳೇ ಹ್ಯಾಚ್‌ಬ್ಯಾಕ್ ಹೀಗೆ ಮಾಡಿದ್ದು ಒಂದು ಜುಲೈ ತಿಂಗಳಲ್ಲಿ, ತೀರ್ಥಹಳ್ಳಿಯಲ್ಲಿ. ದಾರಿ ಕೇಳೋಣವೆಂದು ಡ್ರೈವರ್ ಬದಿಯ ಗ್ಲಾಸ್ ಇಳಿಸಿದೆ. ಮತ್ತೆ ಏರಲಿಲ್ಲ. ಶಿವಮೊಗ್ಗದವರೆಗಿನ ಅರವತ್ತು ಕಿಲೋಮೀಟರನ್ನು ಅಂಗಿಯ ಬಲತೋಳು ಹಿಂಡಿಕೊಳ್ಳುತ್ತ ಬಂದೆ. ಮರುದಿನ ಗ್ಯಾರೇಜಿನವರು ಮೀಟರ್ ಇಟ್ಟು ನೋಡಿ, "ಕರೆಂಟ್ ಬರ್ತಾ ಇದೆ ಸಾರ್, ಮೋಟರ್ ಹೋಗಿದೆ" ಅಂದರು. ಹೊಸ ಮೋಟರ್ ಹಾಕಿದರು. ಹತ್ತೇ ದಿನಕ್ಕೆ ಅದೂ ನಿಂತಿತು. ಕೆಟ್ಟದ್ದು ಮೋಟರೇ ಆಗಿರಲಿಲ್ಲ. ಆದರೆ ಮೀಟರ್ ಹೇಳಿದ್ದೂ ಸುಳ್ಳಲ್ಲ! ಅದು ಹೇಗೆಂದು ಮುಂದೆ ಹೇಳುತ್ತೇನೆ. ಅಂದಿನಿಂದ ನನ್ನದೊಂದು ನಿಯಮ: ಬಾಗಿಲು ಬಿಚ್ಚುವುದು ಕಟ್ಟಕಡೆಗೆ.

ಮಳೆ ಬರುತ್ತಿದೆ, ಗ್ಲಾಸ್ ಕೆಳಗಿದೆ

ಈ ಸ್ಥಿತಿಯಲ್ಲಿದ್ದರೆ ಕಾರಣ ಹುಡುಕುವುದನ್ನು ನಾಳೆಗೆ ಬಿಡಿ. ಎಂಜಿನ್ ಚಾಲೂ ಇರಲಿ. ಆಫ್ ಆಗಿರುವ ಕಾರಿನ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇದ್ದರೆ, ಎಂಜಿನ್ ಓಡುವಾಗ 14 ವೋಲ್ಟ್‌ವರೆಗೆ ಸಿಗುತ್ತದೆ. ಬಳಲಿದ ಮೋಟರಿಗೆ ಈ ಒಂದೂವರೆ ವೋಲ್ಟ್ ದೊಡ್ಡ ಆಸರೆ. ಆಗಲೇ ಹತ್ತು ಸಲ ಸ್ವಿಚ್ ಒತ್ತಿದ್ದೀರಾದರೆ ಐದು-ಹತ್ತು ನಿಮಿಷ ಸುಮ್ಮನೆ ಬಿಡಿ. ಇಂಥ ಮೋಟರುಗಳ ಒಳಗೆ ಕಾವೇರಿದರೆ ಕರೆಂಟ್ ಕಡಿಯುವ ಒಂದು ಸಣ್ಣ ರಕ್ಷಕ ಇರುತ್ತದೆ. ಅದು ತಣ್ಣಗಾಗುವವರೆಗೆ ನೀವು ಎಷ್ಟು ಒತ್ತಿದರೂ ಪ್ರಯೋಜನವಿಲ್ಲ.

ಆಮೇಲೆ ಒಬ್ಬರು ಸ್ವಿಚ್ಚನ್ನು ಮೇಲಕ್ಕೆ ಎಳೆದು ಹಿಡಿಯಲಿ. ಇನ್ನೊಬ್ಬರು ಬಾಗಿಲು ತೆರೆದು, ಗ್ಲಾಸಿನ ಒಳಗೂ ಹೊರಗೂ ಅಂಗೈ ಒತ್ತಿ ನಿಧಾನಕ್ಕೆ ಮೇಲಕ್ಕೆ ಎತ್ತಲಿ. ಕೈ ಒದ್ದೆಯಿದ್ದರೆ ಜಾರುತ್ತದೆ, ಒರೆಸಿಕೊಳ್ಳಿ. ಬೆರಳು ಮೇಲಿನ ಫ್ರೇಮಿನ ಹತ್ತಿರ ಬರಕೂಡದು. ಅಷ್ಟಕ್ಕೂ ಅಲುಗದಿದ್ದರೆ ಸ್ವಿಚ್ ಒತ್ತಿಹಿಡಿದುಕೊಂಡೇ ಬಾಗಿಲಿನ ಒಳಬದಿಯಲ್ಲಿ, ಸ್ಪೀಕರಿನ ಆಸುಪಾಸು, ಮುಷ್ಟಿಯಿಂದ ಎರಡು ಪೆಟ್ಟು ಕೊಡಿ. ತಮಾಷೆಗೆ ಹೇಳುತ್ತಿಲ್ಲ. ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದು ಸರಿಯಾಗಿ ತಾಗದೇ ನಿಂತಿದ್ದರೆ ಆ ಅದುರಿಗೆ ಎಚ್ಚೆತ್ತುಕೊಳ್ಳುತ್ತದೆ. ಗ್ಲಾಸ್ ಮೇಲೆ ಬಂದರೆ ಅಲ್ಲೇ ಬಿಡಿ, ಮತ್ತೊಮ್ಮೆ ಇಳಿಸಿ ಪರೀಕ್ಷೆ ಮಾಡುವ ಆಸೆ ಬೇಡ. ಪೆಟ್ಟಿಗೆ ಎದ್ದ ಮೋಟರಿನ ಆಯುಷ್ಯ ಮುಗಿಯುತ್ತ ಬಂದಿದೆಯೆಂದೇ ತಿಳಿಯಿರಿ.

ಗ್ಲಾಸ್ ಕೈಗೆ ಹಗುರಾಗಿ ಎದ್ದು, ಬಿಟ್ಟ ಕೂಡಲೇ ದೊಪ್ಪನೆ ಕೆಳಗಿಳಿದರೆ ನಿಮಗೆ ದೊಡ್ಡ ಸುಳಿವು ಸಿಕ್ಕಿತು. ಮೋಟರಿನೊಳಗಿನ ಹಲ್ಲುಚಕ್ರದ ಜೋಡಣೆ ಒಮ್ಮುಖದ್ದು. ಮೋಟರು ಗ್ಲಾಸನ್ನು ಎಳೆಯಬಲ್ಲದು, ಗ್ಲಾಸು ಮೋಟರನ್ನು ತಿರುಗಿಸಲಾರದು. ಆದ್ದರಿಂದ ಗ್ಲಾಸ್ ಕೈಗೆ ಸಡಿಲವಾಗಿ ಸಿಕ್ಕಿತೆಂದರೆ ನಡುವೆ ಗ್ಲಾಸನ್ನು ಎಳೆಯುವ ಕೇಬಲ್ಲೋ (ಕರೆಂಟಿನ ವೈರಲ್ಲ) ಅದನ್ನು ಹಿಡಿದ ಕ್ಲಿಪ್ಪೋ ಮುರಿದಿದೆ. ಹಾಗಿದ್ದಾಗ ಗ್ಲಾಸ್ ಮೇಲೆತ್ತಿ, ಫ್ರೇಮಿನ ಮೇಲಿಂದ ಆಚೀಚೆ ಅಗಲದ ಟೇಪ್ ಅಂಟಿಸಿ ಮನೆ ಸೇರಿ.

ನಾಲ್ಕು ಪ್ರಶ್ನೆ, ಉಪಕರಣ ಬೇಡ

ಬಿಡುವಾದಾಗ ಕಾರಿನಲ್ಲಿ ಕೂತು, ರೇಡಿಯೋ, ಎಸಿ ಆಫ್ ಮಾಡಿ, ಕೀ ಆನ್ ಮಾಡಿ. ಎಂಜಿನ್ ಬೇಡ.

ಕೆಟ್ಟದ್ದು ಒಂದೇ ಕಿಟಕಿಯೋ, ಎಲ್ಲವೂ ಒಟ್ಟಿಗೋ? ಎಲ್ಲವೂ ಒಟ್ಟಿಗೆ ನಿಂತಿದ್ದರೆ ನಾಲ್ಕು ಮೋಟರು ಒಂದೇ ದಿನ ಸಾಯುವುದಿಲ್ಲ. ಫ್ಯೂಸ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು), ಅಥವಾ ಎಲ್ಲಕ್ಕೂ ಕರೆಂಟ್ ಹಂಚುವ ಡ್ರೈವರ್ ಬಾಗಿಲಿನ ಮಾಸ್ಟರ್ ಸ್ವಿಚ್ ನೋಡಬೇಕು. ಡ್ರೈವರ್ ಬದಿಯದು ಸರಿಯಿದ್ದು ಉಳಿದ ಮೂರೂ ತಮ್ಮ ತಮ್ಮ ಬಾಗಿಲಿನ ಸ್ವಿಚ್ಚಿಗೆ ಜಗ್ಗದಿದ್ದರೆ, ನಗಬೇಡಿ, ಲಾಕ್ ಬಟನ್ ನೋಡಿ. ಮಕ್ಕಳು ಗ್ಲಾಸ್ ಆಡಿಸಬಾರದೆಂದು ಕೊಟ್ಟಿರುವ ಆ ಬಟನ್, ಕಾರು ಒರೆಸುವವರ ಬಟ್ಟೆಗೆ ಸಿಕ್ಕಿ ಒತ್ತಿಹೋಗಿರುತ್ತದೆ. ಗ್ಯಾರೇಜಿಗೆ ಹೋಗಿ ಈ ಒಂದು ಬಟನ್ ಒತ್ತಿಸಿಕೊಂಡು ಪೆಚ್ಚಾಗಿ ಬಂದವರು ನನಗೇ ಇಬ್ಬರು ಗೊತ್ತು.

ಕೆಟ್ಟ ಕಿಟಕಿ ಎರಡು ಸ್ವಿಚ್ಚಿಗೂ ಸುಮ್ಮನಿದೆಯೋ, ಒಂದಕ್ಕೆ ಮಾತ್ರವೋ? ಎಡ ಮುಂದಿನ ಕಿಟಕಿ ಡ್ರೈವರ್ ಸ್ವಿಚ್ಚಿಗೆ ಏಳುತ್ತದೆ, ಅದರದೇ ಸ್ವಿಚ್ಚಿಗೆ ಏಳುವುದಿಲ್ಲ ಎಂದಾದರೆ ಮೋಟರು, ಕೇಬಲ್ಲು ಎಲ್ಲ ನೆಟ್ಟಗಿವೆ. ಸ್ವಿಚ್ಚಿನದೇ ತಕರಾರು.

ಸದ್ದು ಹೇಗಿದೆ? ಗುಂಯ್ ಎಂದು ಮೋಟರು ತಿರುಗುವ ಸದ್ದಿದ್ದು ಗ್ಲಾಸ್ ಅಲುಗದಿದ್ದರೆ ಕೇಬಲ್ ಹೋಗಿದೆ. ಕರಕರ, ಕಟಕಟ ಎಂದರೆ ಕೇಬಲ್ ಎಳೆ ಬಿಚ್ಚಿಕೊಂಡು ಚಕ್ರಕ್ಕೆ ಸುತ್ತುತ್ತಿದೆ, ಇಲ್ಲವೇ ಪ್ಲಾಸ್ಟಿಕ್ ಹಲ್ಲು ಮುರಿದಿದೆ. ತಕ್ಷಣ ಒತ್ತುವುದು ನಿಲ್ಲಿಸಿ. ಟಕ್ ಎಂದು ಒಂದೇ ಸದ್ದು ಬಂದು ಮೌನವಾದರೆ ಮೋಟರಿಗೆ ಕರೆಂಟ್ ಮುಟ್ಟುತ್ತಿರಬಹುದು, ಆದರೆ ಅದು ಬಿಗಿದುಕೊಂಡಿದೆ. ಏನೂ ಸದ್ದಿಲ್ಲದಿದ್ದರೆ ಕೊನೆಯ ಪ್ರಶ್ನೆಗೆ ಬನ್ನಿ.

ಸ್ವಿಚ್ ಒತ್ತಿದಾಗ ಚಾವಣಿ ದೀಪ ಮಂಕಾಗುತ್ತದೆಯೇ? ಕತ್ತಲಲ್ಲಿ ಕಾರಿನೊಳಗಿನ ದೀಪ ಹಚ್ಚಿ ಸ್ವಿಚ್ ಒತ್ತಿ. ಬಿಗಿದು ನಿಂತ ಮೋಟರು ಓಡುವ ಮೋಟರಿಗಿಂತ ಎಷ್ಟೋ ಪಟ್ಟು ಹೆಚ್ಚು ಕರೆಂಟ್ ಹೀರುತ್ತದೆ, ಅದಕ್ಕೆ ದೀಪ ಒಂದು ಎಳೆ ಇಳಿಯುತ್ತದೆ. ದೀಪ ಇಳಿದರೆ ವೈರಿಂಗ್ ಸರಿಯಿದೆ, ಗ್ಲಾಸೋ ಮೋಟರೋ ಕಚ್ಚಿಕೊಂಡಿದೆ. ದೀಪಕ್ಕೆ ಏನೂ ಅನಿಸದಿದ್ದರೆ ಕರೆಂಟ್ ಮೋಟರಿನವರೆಗೆ ಮುಟ್ಟುತ್ತಿಲ್ಲ, ಇಲ್ಲವೇ ಮೋಟರಿನ ಬ್ರಷ್ ತಾಗುತ್ತಿಲ್ಲ. ದೀಪವನ್ನು ಎಲ್‌ಇಡಿಗೆ ಬದಲಾಯಿಸಿದ್ದರೆ ಮಾತ್ರ ಈ ಪರೀಕ್ಷೆಯನ್ನು ನೆಚ್ಚಬೇಡಿ.

ಫ್ಯೂಸ್ ಮತ್ತು ರಿಲೇ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫ್ಯೂಸ್ ಪೆಟ್ಟಿಗೆ ಸಾಮಾನ್ಯವಾಗಿ ಎರಡು: ಸ್ಟೇರಿಂಗಿನ ಕೆಳಗೆ ಡ್ಯಾಶ್‌ಬೋರ್ಡಿನಲ್ಲಿ ಒಂದು, ಬಾನೆಟ್ಟಿನೊಳಗೆ ಬ್ಯಾಟರಿ ಪಕ್ಕ ಇನ್ನೊಂದು. ಮುಚ್ಚಳದ ಹಿಂಬದಿಯಲ್ಲೋ ಕಾರಿನ ಕೈಪಿಡಿಯಲ್ಲೋ ಯಾವ ಫ್ಯೂಸ್ ಯಾವುದಕ್ಕೆಂದು ಬರೆದಿರುತ್ತದೆ. ಪವರ್ ವಿಂಡೋದ್ದು ಹೆಚ್ಚಾಗಿ 20ರಿಂದ 30 ಆಂಪಿಯರಿನದು. ಬಣ್ಣದಿಂದ ಗುರುತು ಹಿಡಿಯಬಹುದು: 20 ಹಳದಿ, 25 ಬಿಳಿ, 30 ಹಸಿರು. ಕೀ ಆಫ್ ಮಾಡಿ ಕಿತ್ತು ನೋಡಿ. ಸುಟ್ಟಿದ್ದರೆ ಅದೇ ಅಂಕಿಯದನ್ನೇ ಹಾಕಿ. 20 ನಿಲ್ಲುತ್ತಿಲ್ಲವೆಂದು 30 ಹಾಕುವುದು, ಸಿಗರೇಟಿನ ಬೆಳ್ಳಿಹಾಳೆ ಸುತ್ತುವುದು ಇವೆಲ್ಲ ಬಾಗಿಲಿನೊಳಗಿನ ವೈರಿಗೆ ಬೆಂಕಿ ಕೊಡುವ ಕೆಲಸ. ಹೊಸ ಫ್ಯೂಸೂ ಕೂಡಲೇ ಸುಟ್ಟರೆ ಎಲ್ಲೋ ವೈರು ಕಾರಿನ ತಗಡಿಗೆ ತಾಗುತ್ತಿದೆ.

ರಿಲೇ ಪರೀಕ್ಷೆಗೆ ಸುಲಭದ ದಾರಿ ಅದಲುಬದಲು. ಅದೇ ಪೆಟ್ಟಿಗೆಯಲ್ಲಿ ಅದೇ ನಂಬರಿನ ಇನ್ನೊಂದು ರಿಲೇ, ಹಾರ್ನಿನದೋ ಮತ್ತೊಂದರದೋ, ಇದ್ದರೆ ಸ್ಥಳ ಬದಲಾಯಿಸಿ ನೋಡಿ.

ಸ್ವಿಚ್ಚು ಮಾಡುವ ಮೋಸ

ಇಲ್ಲಿ ಸ್ವಲ್ಪ ನಿಲ್ಲಬೇಕು. ಸರಳ ವೈರಿಂಗಿನ ಕಾರುಗಳಲ್ಲಿ ಮೋಟರಿಗೆ ಎರಡೇ ದಪ್ಪ ವೈರು. ಸುಮ್ಮನಿರುವಾಗ ಎರಡೂ ಸ್ವಿಚ್ಚಿನೊಳಗೆ ಅರ್ಥಿಂಗಿಗೆ, ಅಂದರೆ ಬ್ಯಾಟರಿಯ ಮೈನಸ್ ಬದಿಗೆ, ತಾಗಿರುತ್ತವೆ. ಮೇಲಕ್ಕೆ ಎಳೆದಾಗ ಒಂದು ವೈರು ಅರ್ಥಿಂಗ್ ಬಿಟ್ಟು 12 ವೋಲ್ಟಿಗೆ ಹೋಗುತ್ತದೆ, ಇನ್ನೊಂದು ಅಲ್ಲೇ ಇರುತ್ತದೆ. ಕೆಳಕ್ಕೆ ಒತ್ತಿದಾಗ ಪಾತ್ರ ಅದಲುಬದಲು. ಮೋಟರು ಹಿಂದುಮುಂದು ತಿರುಗುವುದು ಹೀಗೆ.

ಈಗ ಮಜಾ ನೋಡಿ. ಪಕ್ಕದ ಸೀಟಿನ ಕಿಟಕಿಗೆ ಎರಡು ಸ್ವಿಚ್ಚುಗಳಿವೆ, ಒಂದು ಅಲ್ಲೇ, ಇನ್ನೊಂದು ಡ್ರೈವರ್ ಬಾಗಿಲಲ್ಲಿ. ಅನೇಕ ಕಾರುಗಳಲ್ಲಿ ಪಕ್ಕದ ಸ್ವಿಚ್ಚಿಗೆ ಬರುವ ಅರ್ಥಿಂಗ್ ಮಾಸ್ಟರ್ ಸ್ವಿಚ್ಚನ್ನು ಹಾದೇ ಬರುತ್ತದೆ. ಅಂದರೆ ಡ್ರೈವರ್ ಬಾಗಿಲಿನ ಸ್ವಿಚ್ಚಿನೊಳಗೆ ಕಿಲುಬು ಹಿಡಿದಿದ್ದರೆ ಎಡಗಡೆಯ ಕಿಟಕಿ ನಿಲ್ಲುತ್ತದೆ. ಎಡ ಸ್ವಿಚ್ ಹೊಸದು ತಂದು ಹಾಕಿದರೂ ಅಷ್ಟೇ. ಗ್ಲಾಸ್ ಇಳಿಯುತ್ತದೆ, ಏರುವುದಿಲ್ಲ, ಅಥವಾ ಉಲ್ಟಾ, ಎಂದಾದರೆ ಈ ಸಂಪರ್ಕಗಳದೇ ಕೈವಾಡ ಎಂದು ಮೊದಲು ಅನುಮಾನಿಸಿ. ಸುಸ್ತಾದ ಮೋಟರು ಏರಿಸಲು ತಿಣುಕುತ್ತದೆ, ನಿಜ; ಆದರೆ ಒಂದು ದಿಕ್ಕಿಗೆ ಪೂರ್ತಿ ಸುಮ್ಮನಿರಲು ಮೋಟರಿಗೆ ದಿಕ್ಕಿನ ಭೇದವಿಲ್ಲ.

ಮಾಸ್ಟರ್ ಸ್ವಿಚ್ ಬೇಗ ಕೆಡಲು ಕಾರಣ ಸುಲಭ. ಗ್ಲಾಸ್ ಇಳಿಸಿ ಮಳೆಯಲ್ಲಿ ಮಾತಾಡುತ್ತೇವೆ, ಚಹಾ ಲೋಟ ಬಾಗಿಲ ಮೇಲೆ ಇಡುತ್ತೇವೆ. ಸನ್‌ಫಿಲ್ಮ್ ಅಂಟಿಸುವವರು ಸಿಂಪಡಿಸುವ ಸೋಪುನೀರು ಇಳಿಯುವುದೂ ಅಲ್ಲಿಗೇ. ಕರಾವಳಿಯ ಉಪ್ಪುಗಾಳಿ ಬೇರೆ. ಸ್ವಿಚ್ ಫಲಕವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮೀಟಿದರೆ ಹಲವು ಕಾರುಗಳಲ್ಲಿ ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಬಿಚ್ಚದೆಯೇ ಹೊರಬರುತ್ತದೆ. ಕೀ ಆಫ್ ಮಾಡಿ ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್) ಕಳಚಿ, ಪಿನ್ನುಗಳಲ್ಲಿ ಹಸಿರು ಕಿಲುಬು ಇದೆಯೇ ನೋಡಿ, ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಸ್ವಿಚ್ಚನ್ನು ಇಪ್ಪತ್ತು ಸಲ ಆಡಿಸಿ, ಪೂರ್ತಿ ಒಣಗಿಸಿ. ಹಿಂದಿನ ಎರಡು ಬಾಗಿಲುಗಳ ಸ್ವಿಚ್ಚು ಒಂದೇ ಥರದ್ದಾಗಿದ್ದರೆ ಒಂದರದನ್ನು ಇನ್ನೊಂದಕ್ಕೆ ಹಾಕಿ ನೋಡಿ, ಖರ್ಚಿಲ್ಲದ ಪರೀಕ್ಷೆ.

ಕೀಲಿನ ಬಳಿಯ ರಬ್ಬರ್ ಕೊಳವೆ

ನನ್ನ ಮೋಟರಿನ ದುಡ್ಡು ತಿಂದದ್ದು ಇದು. ಮುಂದಿನ ಬಾಗಿಲು ತೆರೆದು ಕೀಲಿನ ನಡುವೆ ನೋಡಿ, ಬಾಡಿಯಿಂದ ಬಾಗಿಲಿಗೆ ಹೋಗುವ ಸುಕ್ಕುಸುಕ್ಕಿನ ರಬ್ಬರ್ ಕೊಳವೆ ಕಾಣುತ್ತದೆ. ಆ ಬಾಗಿಲಿನ ವೈರುಗಳೆಲ್ಲ ಅದರೊಳಗೆ. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಅವು ಬಾಗುತ್ತವೆ. ಅತಿ ಹೆಚ್ಚು ತೆರೆಯುವುದು ಡ್ರೈವರ್ ಬಾಗಿಲು, ಆದ್ದರಿಂದ ಮೊದಲು ತುಂಡಾಗುವುದೂ ಅಲ್ಲೇ. ಹೊರಗಿನ ಹೊದಿಕೆ ಚೆನ್ನಾಗಿಯೇ ಇರುತ್ತದೆ, ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಮುರಿಯುತ್ತ ಬರುತ್ತವೆ.

ಪರೀಕ್ಷೆ: ಕೀ ಆನ್ ಮಾಡಿ, ಸ್ವಿಚ್ ಒತ್ತಿಹಿಡಿದು, ಬಾಗಿಲನ್ನು ನಿಧಾನವಾಗಿ ತೆರೆಯುತ್ತ ಮುಚ್ಚುತ್ತ ಹೋಗಿ. ಯಾವುದೋ ಒಂದು ಕೋನದಲ್ಲಿ ಗ್ಲಾಸ್ ಫಕ್ಕನೆ ಅಲುಗಿದರೆ ರೋಗ ಸಿಕ್ಕಿತು. ಅದೇ ಬಾಗಿಲಿನ ಸ್ಪೀಕರ್, ಸೆಂಟ್ರಲ್ ಲಾಕ್, ಮಿರರ್ ಕೂಡ ಆಗಾಗ ಮುನಿಸಿಕೊಳ್ಳುತ್ತಿದ್ದರೆ ಅನುಮಾನವೇ ಬೇಡ.

ಇನ್ನು ಮೀಟರಿನ ಕಥೆ. ಹತ್ತಿಪ್ಪತ್ತು ಎಳೆಗಳ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮಲ್ಟಿಮೀಟರ್ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರು ಕರೆಂಟನ್ನು ಎಳೆಯುವುದೇ ಇಲ್ಲ ಎನ್ನಬಹುದು. ಮೋಟರು ಎಳೆಯಲು ಹೋದ ಕ್ಷಣ ಆ ಒಂಟಿ ಎಳೆಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ಗ್ಯಾರೇಜಿನವರು ಕಂಡದ್ದು ಆ ಹುಸಿ 12. ಆಗ ಒಂದು ಇಂಡಿಕೇಟರ್ ಬಲ್ಬ್, 12 ವೋಲ್ಟ್ 21 ವ್ಯಾಟಿನದು, ಎರಡು ವೈರು ಸಿಕ್ಕಿಸಿ ಇಟ್ಟಿದ್ದರೆ ನಿಜ ತಿಳಿಯುತ್ತಿತ್ತು. ಅದು ಒಂದೂವರೆ ಆಂಪಿಯರಿಗೂ ಹೆಚ್ಚು ಎಳೆಯುತ್ತದೆ; ಮಿಣುಮಿಣು ಉರಿದರೆ ವೈರಿನಲ್ಲಿ ದೋಷ, ಝಗ್ಗನೆ ಉರಿದರೆ ವೈರು ಬಹುಪಾಲು ಸರಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮೀಟರುಗಳು ರಾಶಿಬಿದ್ದಿರುತ್ತವೆ, ಕೊಳ್ಳಿ, ಬೇಡವೆನ್ನುವುದಿಲ್ಲ. ಜೊತೆಗೆ ಈ ಬಲ್ಬೂ ಇರಲಿ.

ಮುರಿದ ವೈರನ್ನು ಬರೀ ತಿರುಚಿ ಇನ್ಸುಲೇಷನ್ ಟೇಪ್ ಸುತ್ತಿದರೆ ಬೇಸಿಗೆಯಲ್ಲಿ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ಅಷ್ಟೇ ದಪ್ಪದ, ಹೆಚ್ಚು ಎಳೆಗಳ ಮೆತ್ತನೆಯ ವೈರಿನ ತುಂಡು ಸೇರಿಸಿ, ಬೆಸುಗೆ ಹಾಕಿ, ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಏರಿಸಿ. ಬೆಸುಗೆಯ ಜಾಗ ಬಾಗುವ ಕಡೆ ಬರಬಾರದು, ಬಾಗಿಲಿನೊಳಗೋ ಬಾಡಿಯೊಳಗೋ ಬರುವಂತೆ ಉದ್ದ ನೋಡಿಕೊಳ್ಳಿ.

ಕೊನೆಗೆ, ಡೋರ್ ಪ್ಯಾಡ್

ಇಷ್ಟಾದ ಮೇಲೂ ಉತ್ತರ ಸಿಗದಿದ್ದರೆ ಬಾಗಿಲು ಬಿಚ್ಚಿ. ಬಿಸಿಲಿಗೆ ಒಂದು ಗಂಟೆ ನಿಲ್ಲಿಸಿ ಶುರುಮಾಡಿದರೆ ಪ್ಲಾಸ್ಟಿಕ್ಕೂ ಅಂಟೂ ಮೆತ್ತಗಿರುತ್ತವೆ. ಪ್ಯಾಡನ್ನು ಬಾಗಿಲಿಗೆ ಹಿಡಿದಿಡುವ ಆರೆಂಟು ಹೊಸ ಕ್ಲಿಪ್ ಮೊದಲೇ ತಂದಿಟ್ಟುಕೊಳ್ಳಿ, ಹಳೆಯವು ಒಂದೆರಡಾದರೂ ಮುರಿಯುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಬೀದಿಯಲ್ಲಿ ಹಳೆಯ ಕ್ಲಿಪ್ ತೋರಿಸಿದರೆ ಸಾಕು.

ಸ್ಕ್ರೂಗಳು ಅಡಗಿ ಕೂತಿರುವ ಜಾಗ ಮೂರು: ಒಳಗಿನ ಹಿಡಿಕೆಯ ಹಿಂದೆ ಚಿಕ್ಕ ಮುಚ್ಚಳದ ಕೆಳಗೆ, ಬಾಗಿಲು ಎಳೆಯುವ ಗುಳಿಯ ತಳದಲ್ಲಿ, ಪ್ಯಾಡಿನ ಅಂಚುಗಳಲ್ಲಿ. ಸ್ಕ್ರೂ ಉಳಿದಿರುವಾಗಲೇ ಎಳೆದರೆ ಪ್ಯಾಡ್ ಸೀಳುತ್ತದೆ. ಎಲ್ಲ ಬಿಚ್ಚಿದ ಮೇಲೆ ಕೆಳಗಿನ ಮೂಲೆಯಿಂದ ಮೀಟುತ್ತ ಬಂದು, ಕೊನೆಗೆ ಇಡೀ ಪ್ಯಾಡನ್ನು ಮೇಲಕ್ಕೆ ಎತ್ತಿ ಕಳಚಿ. ಥಟ್ಟನೆ ಎಳೆಯಬೇಡಿ, ಹಿಂದೆ ಸ್ವಿಚ್ಚಿನ ಕಪ್ಲರ್, ಹಿಡಿಕೆಯ ಕೇಬಲ್ ಇರುತ್ತವೆ. ಒಳಗೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ನಿಧಾನವಾಗಿ ಸುಲಿಯಿರಿ, ಹರಿಯಬೇಡಿ. ಬಾಗಿಲಿನೊಳಗೆ ಇಳಿಯುವ ಮಳೆನೀರು ಸೀಟಿನ ಕಡೆ ಬರದಂತೆ ತಡೆಯುವುದು ಅದೇ. ಎಷ್ಟೋ ಕಾರುಗಳಲ್ಲಿ ರಿಪೇರಿಯ ನಂತರ ಮ್ಯಾಟ್ ಒದ್ದೆಯಾಗುವುದಕ್ಕೆ ಕಾರಣ ಈ ಹಾಳೆಯನ್ನು ಅಸಡ್ಡೆಯಿಂದ ಮತ್ತೆ ಅಂಟಿಸದೇ ಇರುವುದು.

ಕೈ ಒಳಗೆ ಹಾಕುವ ಮೊದಲು ಮೋಟರಿನ ಕಪ್ಲರ್ ಕಳಚಿ, ಗ್ಲಾಸನ್ನು ಟೇಪಿನಿಂದ ಫ್ರೇಮಿಗೆ ಬಿಗಿಯಿರಿ. ತಗಡಿನ ಅಂಚು ಬ್ಲೇಡಿನಂತಿರುತ್ತದೆ, ಗ್ಲೌಸ್ ಬೇಕೇಬೇಕು. ರೆಗ್ಯುಲೇಟರ್ ಎಂದರೆ ಮೋಟರಿನ ಬಲದಿಂದ ಗ್ಲಾಸನ್ನು ಏರಿಸಿ ಇಳಿಸುವ ಯಂತ್ರಭಾಗ. ಕತ್ತರಿಯ ಆಕಾರದ ಕಬ್ಬಿಣದ ತೋಳಿನ ರೆಗ್ಯುಲೇಟರ್ ನಿಮ್ಮದಾಗಿದ್ದರೆ ಇನ್ನೊಂದು ಎಚ್ಚರಿಕೆ: ಅದರಲ್ಲಿ ಬಿಗಿದ ಸ್ಪ್ರಿಂಗ್ ಇರಬಹುದು, ತೋಳನ್ನು ಕಟ್ಟದೆ ಮೋಟರ್ ಬಿಚ್ಚಿದರೆ ತೋಳು ಚಿಮ್ಮಿ ಬೆರಳು ಮುರಿಯಬಹುದು. ಇದನ್ನು ಬಲ್ಲವರಿಗೆ ಬಿಡಿ.

ಮೋಟರಿನ ಪರೀಕ್ಷೆ ಹೀಗೆ. ಕಪ್ಲರಿನ ಎರಡು ದಪ್ಪ ವೈರಿಗೆ ಬಲ್ಬ್ ಸಿಕ್ಕಿಸಿ, ಸ್ವಿಚ್ ಎರಡೂ ಕಡೆ ಒತ್ತಿಸಿ. ಎರಡೂ ಸಲ ಚೆನ್ನಾಗಿ ಉರಿದು, ಕಪ್ಲರ್ ಮತ್ತೆ ಜೋಡಿಸಿದಾಗ ಮೋಟರ್ ಸುಮ್ಮನಿದ್ದರೆ ಮೋಟರೇ ಅಪರಾಧಿ. ಖಾತ್ರಿಗಾಗಿ, 20 ಆಂಪಿಯರ್ ಫ್ಯೂಸ್ ಸೇರಿಸಿದ ವೈರಿನಲ್ಲಿ ಬ್ಯಾಟರಿಯಿಂದ ನೇರ ಕರೆಂಟ್ ಒಂದು ಕ್ಷಣ ತಾಗಿಸಿ ನೋಡಬಹುದು. ಕಪ್ಲರಿನಲ್ಲಿ ಎರಡಕ್ಕಿಂತ ಹೆಚ್ಚು ವೈರುಗಳಿದ್ದರೆ ಈ ಎರಡೂ ಪ್ರಯೋಗ ಬೇಡ. ಅಲ್ಲಿ ಮೋಟರಿನೊಟ್ಟಿಗೆ ಎಲೆಕ್ಟ್ರಾನಿಕ್ಸ್ ಇರುತ್ತದೆ, ಅದರ ದೋಷ ಓದುವ ಸ್ಕ್ಯಾನರ್ ಇರುವವರ ಬಳಿಗೆ ಹೋಗಿ. ಬಾಗಿಲಿನೊಳಗೆ ಏರ್‌ಬ್ಯಾಗಿನ ಸೆನ್ಸರ್ ಇರುವ ಕಾರಾದರೆ ಆ ಕಪ್ಲರನ್ನು ಮುಟ್ಟಲೇಬೇಡಿ.

ಕೇಬಲ್ ಹರಿದಿದ್ದರೆ ಗಂಟು ಹಾಕಿ ತೇಪೆ ಹಚ್ಚುವವರಿದ್ದಾರೆ. ನಾನು ಒಪ್ಪುವುದಿಲ್ಲ, ಗಂಟು ರಾಟೆ ದಾಟುವುದಿಲ್ಲ. ರೆಗ್ಯುಲೇಟರನ್ನೇ ಬದಲಾಯಿಸಿ. ಗ್ಲಾಸನ್ನು ಅದಕ್ಕೆ ಹಿಡಿದಿರುವ ಎರಡು ಬೋಲ್ಟು, ಹಲವು ಕಾರುಗಳಲ್ಲಿ 10 ಮಿಲಿಮೀಟರಿನವು, ಗ್ಲಾಸ್ ಸುಮಾರು ಅರ್ಧ ಇಳಿದಾಗ ತಗಡಿನ ಕಿಂಡಿಗಳಿಗೆ ನೇರ ಬರುತ್ತವೆ. ಮೋಟರು ಚೆನ್ನಾಗಿದ್ದರೆ ಹಳೆಯದನ್ನೇ ಹೊಸ ರೆಗ್ಯುಲೇಟರಿಗೆ ಕೂರಿಸಬಹುದಾ ಎಂದು ಅಂಗಡಿಯಲ್ಲಿ ಕೇಳಿ, ಕೆಲವು ಜೋಡಿಯಾಗಿಯೇ ಬರುತ್ತವೆ.

ತೆವಳುವ ಗ್ಲಾಸ್, ಹಿಂದಿರುಗುವ ಗ್ಲಾಸ್

ನಿಧಾನವಾಗಿ ತೆವಳುತ್ತ ಏರುವ ಗ್ಲಾಸಿಗೆ ಸಾಮಾನ್ಯವಾಗಿ ಮೋಟರ್ ಬೇಕಿಲ್ಲ, ಸ್ನಾನ ಬೇಕು. ಗ್ಲಾಸ್ ಓಡಾಡುವ ರಬ್ಬರ್ ಬೀಡಿಂಗಿನೊಳಗೆ ಧೂಳು ಗಟ್ಟಿಯಾಗಿ ಕೂತಿರುತ್ತದೆ. ಬಳ್ಳಾರಿ, ಕಲಬುರಗಿ ಕಡೆಯ ಕಾರಾದರೆ ಕೇಳಲೇಬೇಡಿ. ಗ್ಲಾಸ್ ಇಳಿಸಿ, ತೆಳು ಕಡ್ಡಿಗೆ ಒದ್ದೆ ಬಟ್ಟೆ ಸುತ್ತಿ ಎರಡೂ ಬದಿಯ ಸಂದಿನ ಧೂಳನ್ನು ಉಜ್ಜಿ ತೆಗೆಯಿರಿ, ಒಣಗಿದ ಮೇಲೆ ಸಿಲಿಕಾನ್ ಸ್ಪ್ರೇ ಹೊಡೆಯಿರಿ. ಕೊಬ್ಬರಿ ಎಣ್ಣೆ, ಗ್ರೀಸ್, ಎಂಜಿನ್ ಆಯಿಲ್ ಯಾವುದೂ ಬೇಡ. ಎರಡು ದಿನ ಜಾರುತ್ತದೆ, ಆಮೇಲೆ ಧೂಳನ್ನೆಲ್ಲ ಕರೆದು ಕೂರಿಸಿಕೊಂಡು ಮರಳುಕಾಗದವಾಗುತ್ತದೆ.

ಮೇಲೆ ಮುಟ್ಟುವಷ್ಟರಲ್ಲಿ ತಾನಾಗಿ ಕೆಳಗಿಳಿಯುವ ಗ್ಲಾಸ್ ಕೆಟ್ಟಿಲ್ಲ. ಒಂದೇ ಒತ್ತಿಗೆ ಪೂರ್ತಿ ಏರುವ ಕಿಟಕಿಗಳಲ್ಲಿ ಅಡ್ಡ ಕೈ ಸಿಕ್ಕಿದರೆ ಹಿಂದಿರುಗುವ ವ್ಯವಸ್ಥೆ ಇರುತ್ತದೆ. ಒಣ ಬೀಡಿಂಗನ್ನೇ ಅದು ಕೈ ಎಂದುಕೊಳ್ಳುತ್ತಿದೆ. ಬ್ಯಾಟರಿ ಕಳಚಿ ಜೋಡಿಸಿದ ಮೇಲೂ ಅದಕ್ಕೆ ತನ್ನ ತುದಿ ಎಲ್ಲಿದೆಯೆಂದು ಮರೆತುಹೋಗುತ್ತದೆ. ಬಹಳಷ್ಟು ಕಾರುಗಳಲ್ಲಿ ಗ್ಲಾಸನ್ನು ಪೂರ್ತಿ ಏರಿಸಿ, ಸ್ವಿಚ್ಚನ್ನು ಮೇಲಕ್ಕೆ ಕೆಲವು ಸೆಕೆಂಡ್ ಹಾಗೇ ಹಿಡಿದರೆ ಮತ್ತೆ ಕಲಿಯುತ್ತದೆ. ನಿಮ್ಮ ಕಾರಿನ ಖಚಿತ ಕ್ರಮ ಕೈಪಿಡಿಯಲ್ಲಿರುತ್ತದೆ.

ಗ್ಲಾಸ್ ಮೇಲೇ ಸಿಕ್ಕಿಕೊಂಡರೆ "ಎಸಿ ಇದೆಯಲ್ಲ" ಎಂದು ತಿಂಗಳುಗಟ್ಟಲೆ ಬಿಡುವವರನ್ನು ಕಂಡಿದ್ದೇನೆ. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ಸರ್ಕಲ್ ಅಂಡರ್‌ಪಾಸಿನ ಮಳೆನೀರಿನಲ್ಲಿ ಕಾರು ಸಿಲುಕಿ ಯುವತಿಯೊಬ್ಬರು ತೀರಿಕೊಂಡರು. ನೀರೇರುವಾಗ ಬಾಗಿಲು ತೆರೆಯಲು ಬರುವುದಿಲ್ಲ, ಮೊದಲ ಒಂದೆರಡು ನಿಮಿಷದಲ್ಲಿ ಕಿಟಕಿಯೇ ಹೊರದಾರಿ. ಏರದ ಗ್ಲಾಸಿಗೆ ಪಡುವ ಅವಸರವನ್ನು ಇಳಿಯದ ಗ್ಲಾಸಿಗೂ ಪಡಿ.

ಪ್ಯಾಡ್ ಮುಚ್ಚುವ ಮೊದಲು

ಸ್ವಿಚ್ ಕಪ್ಲರ್ ಜೋಡಿಸಿ, ಗ್ಲಾಸನ್ನು ಎರಡು ಸಲ ಏರಿಸಿ ಇಳಿಸಿ. ಓರೆಯಾಗಿ ಏರುತ್ತಿದ್ದರೆ ಗ್ಲಾಸನ್ನು ಹಿಡಿದಿರುವ ಆ ಎರಡು ಬೋಲ್ಟು ಸಡಿಲಿಸಿ, ಗ್ಲಾಸನ್ನು ಎರಡೂ ಬದಿಯ ಬೀಡಿಂಗಿನಲ್ಲಿ ನೆಟ್ಟಗೆ ಕೂರಿಸಿ ಮತ್ತೆ ಬಿಗಿಯಿರಿ. ಬಾಗಿಲ ತಳದ ಅಂಚಿನಲ್ಲಿ ನೀರು ಬಸಿಯುವ ಸಣ್ಣ ತೂತುಗಳಿವೆ, ಪೊರಕೆ ಕಡ್ಡಿಯಿಂದ ಚುಚ್ಚಿ ಕೆಸರು ತೆಗೆಯಿರಿ. ನನ್ನ ಬಾಗಿಲಿನಿಂದ ಅರ್ಧ ಲೋಟ ಕೆಂಪು ನೀರು ಇಳಿದಿತ್ತು. ಆಮೇಲೆ ಒಂದು ಚೊಂಬು ನೀರನ್ನು ಹೊರಗಿನಿಂದ ಗ್ಲಾಸಿನ ಮೇಲೆ ಹೊಯ್ದು, ಅದು ಹಾಳೆಯ ಹಿಂದೆಯೇ ಇಳಿದು ತೂತಿನಿಂದ ಹೊರಹೋಗುವುದನ್ನು ನೋಡಿ. ಹಿಡಿಕೆಯ ಕೇಬಲ್ ಸಿಕ್ಕಿಸಲು ಮರೆತು ಪ್ಯಾಡ್ ಒತ್ತಿದರೆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಎಲ್ಲ ಮತ್ತೆ ಬಿಚ್ಚಬೇಕು. ಕ್ಲಿಪ್ಪುಗಳನ್ನೆಲ್ಲ ಒತ್ತಿ ಮುಗಿಸಿದ ಮೇಲೆ ಸೀಟಿನ ಮೇಲೆ ಒಂದು ಸ್ಕ್ರೂ ಉಳಿದಿದ್ದರೆ ಗಾಬರಿ ಬೇಡ. ಅದು ಹೆಚ್ಚಾಗಿ ಹಿಡಿಕೆಯ ಹಿಂದಿನದು.